ಮಾಮಾನ ಬಲಗೈ

ನಾನು ಕೆಳಗೆ ನಿಲ್ಲುವವನು, ಮಾಮಾ ಮೇಲೆ ಕೂರುವವನು, ನಮ್ಮಿಬ್ಬರ ನಡುವೆ ತಂತಿಹಗ್ಗಕ್ಕೆ ತೂಗುಬಿದ್ದ ಕಬ್ಬಿಣ. ಆ ವರ್ಷ ನಾನು ಪಟ್ಟ ಹೆದರಿಕೆ ಇಷ್ಟೇ. ಆದರೆ ಇಷ್ಟೇ ಎಂದು ಹೇಳಿ ಬಿಟ್ಟರೆ ನಿಮಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

ವಿಕ್ರೋಳಿಯಲ್ಲಿ ರೈಲು ಹಳಿಯ ಆಚೆಗೆ ಒಂದು ಕಾರ್ಖಾನೆ. ಅದರಲ್ಲಿ ಒಂದು ಉದ್ದನೆಯ ಶೆಡ್ಡು. ಶೆಡ್ಡಿನ ಎರಡೂ ಗೋಡೆಯ ಮೇಲೆ, ಮಾಡಿಗೆ ತಾಗುವಷ್ಟು ಎತ್ತರದಲ್ಲಿ, ಒಂದೊಂದು ಹಳಿ. ಈ ಹಳಿಯಿಂದ ಆ ಹಳಿಗೆ ಅಡ್ಡಲಾಗಿ ಕಬ್ಬಿಣದ ಒಂದು ಸೇತುವೆ. ಸೇತುವೆ ಶೆಡ್ಡಿನ ಉದ್ದಕ್ಕೂ ಹಿಂದೆ ಮುಂದೆ ಓಡುತ್ತದೆ, ಅದರಿಂದ ಇಳಿಬಿದ್ದ ಕೊಕ್ಕೆ ಮೇಲೆ ಕೆಳಗೆ ಹೋಗುತ್ತದೆ. ಇದೇ ಕ್ರೇನ್. ಸೇತುವೆಯ ಒಂದು ಮೂಲೆಗೆ ಗಿಳಿಪಂಜರದ ಹಾಗೆ ಒಂದು ಕ್ಯಾಬಿನ್ ನೇತುಹಾಕಿದ್ದರು. ಮಾಮಾ ಅದರಲ್ಲಿ ಕೂರುತ್ತಿದ್ದ. ನಾನು ಕೆಳಗೆ ಖಲಾಸಿ. ಕಬ್ಬಿಣದ ಹಾಳೆಗಳ ಕಟ್ಟಿಗೆ ಹಗ್ಗ ಸುತ್ತಿ ಕೊಕ್ಕೆಗೆ ಹಾಕಿ, ಪಕ್ಕಕ್ಕೆ ಸರಿದು, ಕತ್ತೆತ್ತಿ ಕೂಗುವುದು ನನ್ನ ಕೆಲಸ. ಮೇಲೆ ಎತ್ತಬೇಕಾದರೆ 'ಹಬೇಸ್', ಕೆಳಗೆ ಇಳಿಸಬೇಕಾದರೆ 'ಆರಿಯಾ'. ಈ ಎರಡು ಮಾತು ಗೋದಿಯಿಂದ, ಅಂದರೆ ಹಡಗುಕಟ್ಟೆಯಿಂದ, ಬಂದದ್ದಂತೆ. ಯಾರ ಭಾಷೆಯವೋ ಗೊತ್ತಿಲ್ಲ. ಆದರೆ ಮರಾಠಿಯವನು, ಉತ್ತರದ ಕಡೆಯ ಭಯ್ಯಾ, ಬಿಜಾಪುರದ ಕಡೆಯ ನಾವು, ಎಲ್ಲರೂ ಅದಕ್ಕೇ ತಲೆ ಆಡಿಸುತ್ತಿದ್ದೆವು.

ಮಾಮಾ ನನ್ನ ಅವ್ವನ ಅಣ್ಣ. ಮೆಟ್ರಿಕ್ ಮುಗಿಸಲಾಗದೆ ಊರಲ್ಲಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು ಕರೆದುಕೊಂಡು ಬಂದು, ತನ್ನ ಚಾಳಿನ ಖೋಲಿಯಲ್ಲಿ ಮಲಗಲು ಜಾಗ ಕೊಟ್ಟು, ತನ್ನ ಕ್ರೇನಿನ ಕೆಳಗೇ ಕೆಲಸ ಕೊಡಿಸಿದವನು. ನನಗೆ ಆಗ ಇಪ್ಪತ್ತರ ಹುರುಪು. ಭಾನುವಾರ ಲೋಕಲ್ ಹತ್ತಿ ಫೋರ್ಟಿಗೆ ಹೋಗಿ, ಫುಟ್‌ಪಾತಿನ ಮೇಲೆ ರಟ್ಟು ಹರಿದ ಇಂಗ್ಲಿಷ್ ಪುಸ್ತಕಗಳನ್ನು ತಂದು, ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದುತ್ತಿದ್ದೆ. ಮೋಟಾರು ಹೇಗೆ ತಿರುಗುತ್ತದೆ, ರೇಡಿಯೋ ಹೇಗೆ ಮಾತಾಡುತ್ತದೆ, ಎಲ್ಲ ಹಾಗೆಯೇ ಕಲಿತದ್ದು. ಯಾರೂ ಹೇಳಿಕೊಡಲಿಲ್ಲ. ಚಾಳಿನಲ್ಲಿ ಯಾರ ಸ್ವಿಚ್ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ಯಾರು ಬೇಕಾದರೂ ಏನು ಬೇಕಾದರೂ ಕಲಿಯಬಹುದು, ಮತ್ತೆ ಮತ್ತೆ ಮಾಡಿದರೆ ಸಾಕು ಎಂದು ನಾನು ಖಡಾಖಂಡಿತವಾಗಿ ನಂಬಿದ್ದೆ. ಈ ನಂಬಿಕೆ ಇಟ್ಟುಕೊಂಡೇ ನಾನು ಆ ಭಯದೊಳಕ್ಕೆ ನಡೆದುಹೋದದ್ದು.

ಹಳೆಯ ಕ್ರೇನ್ ತೆಗೆದು ಹೊಸದನ್ನು ಕೂರಿಸಿದರು. ಹಳೆಯದರಲ್ಲಿ ಹಿತ್ತಾಳೆಯ ಎರಡು ದಪ್ಪ ಹ್ಯಾಂಡಲ್. ಬಲಗೈಯದು ಕೊಕ್ಕೆಯನ್ನು ಮೇಲೆ ಕೆಳಗೆ ಮಾಡುವುದು, ಎಡಗೈಯದು ಸೇತುವೆ ಓಡಿಸುವುದು. ಎಲ್ಲಿಗೆ ತಿರುಗಿಸಿದರೆ ಹ್ಯಾಂಡಲ್ ಅಲ್ಲಿಯೇ ಇರುತ್ತಿತ್ತು, ಕೈಬಿಟ್ಟರೂ ಕ್ರೇನ್ ಓಡುತ್ತಲೇ ಇರುತ್ತಿತ್ತು. ಹೊಸದರಲ್ಲಿ ಬೆರಳಿನಲ್ಲಿ ಆಡಿಸುವಂಥ ಎರಡು ಪುಟ್ಟ ಲಿವರ್. ಕೈಬಿಟ್ಟರೆ ಸ್ಪ್ರಿಂಗಿನಿಂದ ತಾನೇ ನಡುವಿಗೆ ಬರುತ್ತದೆ, ಕ್ರೇನ್ ನಿಂತುಬಿಡುತ್ತದೆ. ಎಷ್ಟು ಚಂದ! ನಾನಂತೂ ಮೇಲೆ ಹತ್ತಿ ನೋಡಿ ಕುಣಿದಾಡಿದೆ. ಒಂದೇ ವ್ಯತ್ಯಾಸ. ಕೊಕ್ಕೆ ಎಡಗೈಗೆ ಬಂದಿತ್ತು, ಸೇತುವೆ ಬಲಗೈಗೆ ಹೋಗಿತ್ತು.

ಫೋರ್‌ಮನ್ ಸಾತಾರಾ ಕಡೆಯ ಮನುಷ್ಯ. ಮಾಮಾನನ್ನು ಕಾಕಾ ಎಂದೇ ಕರೆಯುತ್ತಿದ್ದ. "ಕ್ಯಾ ಕಾಕಾ, ನಯೀ ಬಾಯ್ಕೊ ಕೈಸೀ ಹೈ?" ಎಂದು ಕೆಳಗಿನಿಂದ ಕೂಗಿದ. ಹೊಸ ಹೆಂಡತಿ ಹೇಗಿದ್ದಾಳೆ ಎಂದು.

ಮಾಮಾ ಪಂಜರದಿಂದ ತಲೆ ಹೊರಗೆ ಹಾಕಿ, "ಹಲಕೀ ಹೈ ಸಾಹೇಬ್, ಮಗರ್ ಸುನ್ತೀ ನಹೀ," ಅಂದ. ಹಗುರ ಇದ್ದಾಳೆ, ಮಾತು ಕೇಳುವುದಿಲ್ಲ. ಶೆಡ್ಡೆಲ್ಲ ನಕ್ಕಿತು.

ಮಾಮಾ ಕಲಿತ. ಅದನ್ನು ಮೊದಲೇ ಹೇಳಿಬಿಡಬೇಕು. ಐವತ್ತರ ಮೇಲಿನವನು, ಸುಮಾರು ಅರ್ಧ ಆಯುಷ್ಯ ಹಳೆಯ ಹ್ಯಾಂಡಲ್ ಹಿಡಿದವನು, ಒಂದೆರಡು ವಾರದಲ್ಲಿ ಹೊಸ ಲಿವರ್ ಹಿಡಿದು ಕಟ್ಟನ್ನು ಬೆಣ್ಣೆಯಂತೆ ಇಳಿಸತೊಡಗಿದ. ಸ್ವಲ್ಪ ನಿಧಾನ, ಅಷ್ಟೇ. ಮೊದಲು ನಾನು ಕೈ ಎತ್ತುವ ಮುಂಚೆಯೇ ಅವನಿಗೆ ಗೊತ್ತಾಗುತ್ತಿತ್ತು. ಈಗ ನಾನು ಕೂಗಿ ಮುಗಿಸಿದ ಮೇಲೆ ಒಂದು ಚೂರು ಸುಮ್ಮನಿರುತ್ತಿದ್ದ, ಆಮೇಲೆ ಕೊಕ್ಕೆ ಅಲುಗುತ್ತಿತ್ತು. ಆ ಚೂರು ಹೊತ್ತಿನಲ್ಲಿ ಅವನು ಮೇಲೆ ಏನು ಮಾಡುತ್ತಿದ್ದಾನೆ ಎಂದು ನಾನು ಯೋಚಿಸಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿದ ಭೋಂಗಾ ಕೂಗಿದ ಮೇಲೆ ಕೆಲಸ ಶುರುವಾಗಿತ್ತು. ಹಾಳೆಗಳ ಕಟ್ಟೊಂದು ನನ್ನ ಎದೆಯ ಎತ್ತರದಲ್ಲಿ ತೂಗುತ್ತಿತ್ತು. ನಾನು ಎರಡು ಹೆಜ್ಜೆ ಆಚೆಗೆ ನಿಂತಿದ್ದೆ. ಹೊರಗೆ ಗೇಟಿನ ಹತ್ತಿರ ಲಾರಿಯೊಂದರ ಟೈರು ಢಂ ಎಂದು ಒಡೆಯಿತು. ಆ ಸದ್ದಿಗೆ ನಾನು ಹೊರಳಿ ನೋಡಿದೆ. ಮತ್ತೆ ಈ ಕಡೆ ತಿರುಗುವುದರೊಳಗೆ ಕಟ್ಟು ನನ್ನ ಮೇಲೆ ಬರುತ್ತಿತ್ತು.

ಅದು ಬೀಳಲಿಲ್ಲ, ಬಂತು. ಶೆಡ್ಡಿನುದ್ದಕ್ಕೆ, ಎತ್ತು ಹಾಯಲು ಬಂದ ಹಾಗೆ. ನಾನು ನೆಲಕ್ಕೆ ಬಿದ್ದೆ, ಕಬ್ಬಿಣ ನನ್ನ ತಲೆಯ ಮೇಲಿಂದ ಹಾದು ಹೋಗಿ, ಮತ್ತೆ ಹಿಂದೆ ತೂಗಿ, ನಿಂತಿತು. ಅದರ ಗಾಳಿ ಕುತ್ತಿಗೆಗೆ ತಾಗಿದ್ದು ಈಗಲೂ ನನಗೆ ನೆನಪಿದೆ. ಸುತ್ತಲಿನವರೆಲ್ಲ ಟೈರಿನ ಕಡೆಗೆ ಓಡಿದ್ದರು. ನೋಡಿದ ಒಬ್ಬಿಬ್ಬರು, ಹಗ್ಗ ಜೋಲಿ ಹೊಡೆಯಿತು ಅಂದುಕೊಂಡರು.

ಸಂಜೆ ಸ್ಟೇಶನ್ ದಾಟಿ ಚಾಳಿನ ಕಡೆಗೆ ನಡೆಯುವಾಗ ಮಾಮಾ ಚಹಾದ ಗಾಡಿಯ ಹತ್ತಿರ ನಿಂತ. ಗ್ಲಾಸು ಹಿಡಿದುಕೊಂಡ, ಕುಡಿಯಲಿಲ್ಲ.

"ಅಳಿಯಾ, ನಾ ಮ್ಯಾಲ ಎಬ್ಬಸಾಕ ಹೋಗಿದ್ನೋ," ಅಂದ.

"ಏನು ಮಾಮಾ?"

"ಢಂ ಅಂತಲ್ಲ. ಏನಾರ ಆತಂದ್ರ ಮೊದಲ ಮಾಲು ಮ್ಯಾಲ ಎತ್ತಬೇಕು, ಕೆಳಗ ಮಂದಿ ಇರ್ತಾರ. ಅದಕ್ಕ ಎಳದ್ನಿ. ಬಲಗೈಲೆ ಎಳದ್ನಿ."

ನನಗೆ ಆಗ ತಿಳಿಯಿತು. ಹಳೆಯ ಕ್ರೇನಿನಲ್ಲಿ ಬಲಗೈ ಎಳೆದರೆ ಮಾಲು ಮೇಲೆ. ಹೊಸದರಲ್ಲಿ ಬಲಗೈ ತಳ್ಳಿದರೆ ಸೇತುವೆ ಮುಂದಕ್ಕೆ, ಎಳೆದರೆ ಹಿಂದಕ್ಕೆ ಓಡುತ್ತದೆ, ನಾನು ನಿಲ್ಲುವ ಕಡೆಗೆ. ನನ್ನನ್ನು ಉಳಿಸಲೆಂದು ಎಳೆದ ಕೈ ಕಬ್ಬಿಣವನ್ನು ನನ್ನ ಮೇಲೆ ತಂದಿತ್ತು.

"ಕಲ್ತೀನಿ ಅನ್ಕೊಂಡಿದ್ನಿ," ಅಂದ ಮಾಮಾ. ಚಹಾ ಚೆಲ್ಲಿ ಗ್ಲಾಸು ಕೊಟ್ಟುಬಿಟ್ಟ.

ಮುಂದಿನ ತಿಂಗಳು ದೊಡ್ಡ ಸಾಹೇಬರು ಬಂದು ಹೊಸ ಕ್ರೇನಿನ ಪರೀಕ್ಷೆ ಮಾಡುವವರಿದ್ದರು. ಪಾಸಾದವನು ಮೇಲೆ, ಆಗದವನನ್ನು ಹೊರಗೆ ಅಂಗಳದ ಕೆಲಸಕ್ಕೆ ಹಾಕುತ್ತಾರೆ ಎಂದು ಮಾತಿತ್ತು. ಪಂಜರದಲ್ಲಿ ಕೂತು ಶೆಡ್ಡನ್ನೆಲ್ಲ ಮೇಲಿನಿಂದ ನೋಡಿದ ಮನುಷ್ಯ ಅಂಗಳದಲ್ಲಿ ತುಕ್ಕು ಗುಡಿಸುತ್ತಾ ತಿರುಗುವುದು ನನಗೂ ನೆನೆಯಲಾಗಲಿಲ್ಲ. ನಾನು ಅಂದೆ, ಹೆದರಬೇಡ, ನಾನು ಕಲಿಸುತ್ತೇನೆ. ಎಂಥ ಧೈರ್ಯ ನೋಡಿ! ಕಿರಾಣಿ ಅಂಗಡಿಯಿಂದ ಚಹಾಪುಡಿಯ ಖಾಲಿ ಖೋಕಾ, ಅಂದರೆ ಮರದ ಪೆಟ್ಟಿಗೆ, ತಂದೆ. ಅದಕ್ಕೆ ಎರಡು ತೂತು ಕೊರೆದು, ಮಾಮಾನ ಹೆಂಡತಿ ಅತ್ತಿಯ ಎರಡು ಸೌಟುಗಳನ್ನು ಕೆಳಮುಖ ಮಾಡಿ ನಿಲ್ಲಿಸಿ, ಸೈಕಲ್ ಟ್ಯೂಬಿನ ಪಟ್ಟಿ ಕತ್ತರಿಸಿ ಬಿಗಿದೆ. ಕೈಬಿಟ್ಟರೆ ಸೌಟು ನಡುವಿಗೆ ಬಂದು ನಿಲ್ಲುತ್ತಿತ್ತು, ಥೇಟ್ ಹೊಸ ಕ್ರೇನಿನ ಹಾಗೆ.

ಅತ್ತಿ ಒಲೆಯ ಮುಂದಿನಿಂದಲೇ ಶುರು ಮಾಡಿದಳು. "ಏ ಮಾಸ್ತರಾ, ಸಾರು ಏನ್ ಕೈಲೆ ತಿರವ್ಲೇನು?"

"ಒಂದು ತಿಂಗಳು ಅತ್ತಿ."

"ಒಂದ್ ತಿಂಗಳು! ಸಾರ್ ತಿರವಾಕ ಬರ್ತೈತೇನ ನಿನ್ನ ಪುಸ್ತಕಾ?"

ಮಾಮಾ ಗೋಡೆಗೆ ಒರಗಿ, ಖೋಕಾ ಮುಂದಿಟ್ಟುಕೊಂಡು ಕೂರುತ್ತಿದ್ದ. ನಾನು ಎದುರಿಗೆ ನಿಂತು ಹಬೇಸ್, ಆರಿಯಾ ಎಂದು ಕೂಗುತ್ತಿದ್ದೆ. ಆಮೇಲೆ ಚಾಳಿನ ಹುಡುಗರೆಲ್ಲ ಬಾಗಿಲಿಗೆ ಬಂದು ಕೂಗತೊಡಗಿದರು. ಪಕ್ಕದ ಖೋಲಿಯಲ್ಲಿ ಸ್ಟೇಶನ್ ಎದುರಿನ ಹೋಟೆಲಿನಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ಒಬ್ಬ ಅಡುಗೆಯವನಿದ್ದ. ಅವನು ಇಣುಕಿ, "ಎಂಥ ಮಾರಾಯ್ರೆ, ಮನೆಗೆ ಬಂದ್ರೂ ಡ್ಯೂಟಿಯಾ? ಓವರ್‌ಟೈಮ್ ಕೊಡ್ತಾರಾ?" ಅಂದ.

"ಕೊಡ್ತಾರ್ರಿ, ಸೌಟಿನ್ಯಾಗ," ಅಂದಳು ಅತ್ತಿ.

ಮಾಮಾ ಚುರುಕಾದ. ನಾವು ಎಷ್ಟು ಬೇಗ ಕೂಗಿದರೂ ಸರಿಯಾದ ಸೌಟನ್ನೇ ಹಿಡಿಯುತ್ತಿದ್ದ. ನನಗೆ ಹಿಗ್ಗು. ನನ್ನ ಪುಸ್ತಕ ಹೇಳಿದ್ದು ಸುಳ್ಳಲ್ಲ! ಒಂದು ಸಂಜೆ, ಪೂರ್ತಿ ಖಾತ್ರಿ ಮಾಡಿಕೊಳ್ಳೋಣ ಎಂದು, ಮಾಮಾನ ಬೆನ್ನ ಹಿಂದೆ ಹೋಗಿ ಅತ್ತಿಯ ತಾಟು ತೆಗೆದು ನೆಲಕ್ಕೆ ಬಡಿದೆ.

ಬಲಗೈ ಸೌಟನ್ನು ಎಳೆದಿತ್ತು. ರಬ್ಬರು ಕಿತ್ತು ಬರುವಷ್ಟು ಜೋರಾಗಿ.

ಮಾಮಾ ತನ್ನ ಕೈಯನ್ನೇ ನೋಡಿದ. ನಾನು ಹೇಳಿದೆ, ಇನ್ನೊಮ್ಮೆ. ಮರುದಿನ ಅವನಿಗೆ ಗೊತ್ತಾಗದ ಹಾಗೆ, ಕೂಗಾಟದ ನಡುವೆ ಬಡಿದೆ. ಬಲಗೈ. ಅದರ ಮರುದಿನ ಅತ್ತಿಯ ಕೈಯಲ್ಲಿ ಬಡಿಸಿದೆ. ಬಲಗೈ. ಸದ್ದಿಲ್ಲದಿದ್ದರೆ ಎಲ್ಲ ಸರಿ, ಸದ್ದಾದರೆ ಆ ಕೈ ಹಳೆಯ ಕ್ರೇನಿಗೆ ಓಡಿಹೋಗುತ್ತಿತ್ತು. ಹಳೆಯ ಕ್ರೇನನ್ನು ಕಡಿದು ಗುಜರಿಗೆ ಹಾಕಿ ಆಗಿತ್ತು. ಆದರೂ ಅದು ಮಾಮಾನ ತೋಳಿನೊಳಗೆ ಇತ್ತು.

"ನೀ ಕುಂದರು," ಅಂದ ಮಾಮಾ ನನಗೆ.

ನಾನು ಕೂತೆ. ಅವನು ನನಗೆ ಮೊದಲು ಹಳೆಯ ಕ್ರೇನಿನ ಹಾಗೆ ರೂಢಿ ಮಾಡಿಸಿ, ಆಮೇಲೆ ಸೌಟು ಅದಲುಬದಲು ಮಾಡಿದ. ಮೊದಲೆರಡು ದಿನ ತಾಟು ಬಿದ್ದಾಗ ನನ್ನ ಕೈಯೂ ತಪ್ಪಿತು. ಮೂರನೆಯ ಸಂಜೆಯ ಹೊತ್ತಿಗೆ ತಪ್ಪಲಿಲ್ಲ. ಮಾಮಾ ಹಿಂದಿನಿಂದ, ಪಕ್ಕದಿಂದ, ಮಾತಾಡಿಸುತ್ತಾ ಮಾತಾಡಿಸುತ್ತಾ ಬಡಿದು ನೋಡಿದ. ನನ್ನ ಕೈ ಸರಿಯಾದ ಕಡೆಗೇ ಹೋಯಿತು. ಅವನು ತಾಟನ್ನು ಮೆಲ್ಲಗೆ ಕೆಳಗಿಟ್ಟು ನನ್ನ ಬೆರಳುಗಳನ್ನು ನೋಡುತ್ತಾ ಕೂತ. ಆ ನೋಟ ನನಗೆ ಬೇಡವಾಗಿತ್ತು.

"ಕಲಿಯೂದು ನಂಗೂ ಬಂತೋ. ಆದ್ರ ನಿಂದು ಹಳೇದು ಹೋಗ್ತೈತಿ, ನಂದು ಹೋಗವಲ್ದು," ಅಂದ.

ಪುಸ್ತಕಗಳಲ್ಲಿ ಹುಡುಕಿದೆ. ಹೊಸದು ಕಲಿಯುವುದು ಹೇಗೆ ಎಂದು ಎಲ್ಲ ಕಡೆ ಇತ್ತು. ಹಳೆಯದನ್ನು ಕೈಯಿಂದ ತೆಗೆಯುವುದು ಹೇಗೆ ಎಂದು ನನ್ನ ಹರಿದ ಪುಸ್ತಕಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಆ ಪುಟಗಳು ಹರಿದುಹೋದ ಭಾಗದಲ್ಲಿದ್ದವೋ ಏನೋ.

ಪರೀಕ್ಷೆಯ ದಿನ ಬಂತು. ಸಾಹೇಬರು ಬಿಳಿ ಅಂಗಿಯಲ್ಲಿ ಕೆಳಗೆ ನಿಂತು, ಇಲ್ಲಿ ಎತ್ತು, ಅಲ್ಲಿ ಇಡು ಅಂದರು. ಮಾಮಾ ಎತ್ತಿದ, ಇಟ್ಟ. ನೀರು ತುಂಬಿದ ಬಕೆಟ್ಟು ತೂಗಿಸಿ ಒಂದು ಹನಿ ಚೆಲ್ಲದೆ ಶೆಡ್ಡಿನ ಆ ತುದಿಗೆ ಒಯ್ಯಲು ಹೇಳಿದರು. ಒಯ್ದ. ಎಲ್ಲರೂ ಚಪ್ಪಾಳೆ ತಟ್ಟಿದರು. "ಕಾಕಾ ಏಕ್ ನಂಬರ್!" ಅಂದ ಫೋರ್‌ಮನ್. ನಾನೂ ಚಪ್ಪಾಳೆ ತಟ್ಟಿದೆ. ಇಡೀ ಪರೀಕ್ಷೆಯಲ್ಲಿ ಯಾರೂ ಒಂದು ತಾಟು ಬಡಿಯಲಿಲ್ಲ.

ಆಮೇಲಿನ ದಿನಗಳಿವೆಯಲ್ಲ, ಅವುಗಳ ಭಯವನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ. ಹಾವು ಕಂಡಾಗ ಆಗುವ ಭಯದ ಹಾಗಲ್ಲ ಅದು. ಅದಾದರೆ ಬಂದು ಹೋಗುತ್ತದೆ. ಇದು ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ಶುರುವಾಗುತ್ತಿತ್ತು. ಶೆಡ್ಡಿನಲ್ಲಿ ಸದ್ದಿಗೆ ಬರವೇ? ಸುತ್ತಿಗೆ ಬೀಳುತ್ತದೆ, ಹಾಳೆ ಜಾರುತ್ತದೆ, ಯಾರೋ ಯಾರಿಗೋ ಬೈಯುತ್ತಾರೆ. ಮೊದಲು ನನ್ನ ಕಿವಿಗೇ ಬೀಳದಿದ್ದ ಸದ್ದುಗಳು ಈಗ ಒಂದೊಂದಾಗಿ ಬೆನ್ನಿಗೆ ಬಡಿಯುತ್ತಿದ್ದವು. ಪ್ರತಿ ಸದ್ದಿಗೂ ನಾನು ನೋಡುತ್ತಿದ್ದದ್ದು ಸದ್ದಿನ ಕಡೆಗಲ್ಲ, ಮೇಲಿನ ಪಂಜರದ ಕಡೆಗೆ. ಮಾಲು ಎತ್ತಿದ ಕೂಡಲೇ ದೂರ ಹೋಗಿ ಕಂಬದ ಹಿಂದೆ ನಿಂತು ಕೂಗುವುದು ರೂಢಿಯಾಯಿತು. ಖಲಾಸಿ ದೂರ ನಿಂತರೆ ಕಟ್ಟು ಸರಿಯಾಗಿ ಕೂರುವುದಿಲ್ಲ, ಕೈಕೊಟ್ಟು ತಿರುಗಿಸಬೇಕು. ಎರಡು ಸಲ ಅಡ್ಡಡ್ಡ ಕೂತಿತು.

ಆ ಸಂಜೆ ಊಟಕ್ಕೆ ಕೂತಾಗ ಮಾಮಾ ರೊಟ್ಟಿ ಮುರಿಯದೆ ಕೇಳಿದ. "ನೀ ಕಂಬದ ಹಿಂದ ನಿಂತ್ರ ನಾ ಏನ್ ತಿಳ್ಕೋಬೇಕೋ?"

ನಾನು ರೊಟ್ಟಿ ಮುರಿದು ಸಾರಿಗೆ ಅದ್ದಿದೆ.

"ಹೇಳಲಾ. ಅಂಜಿಕಿ ಬರ್ತೈತಿ?"

"ಬರ್ತೈತಿ ಮಾಮಾ."

"ನಂಗೂ ಬರ್ತೈತಿ," ಅಂದ. "ನೀ ಕೆಳಗ ಅಂಜ್ತಿ. ನಾ ಮ್ಯಾಲ ಕುಂತು ನಿನ್ನ ನೋಡ್ಕೋತ ಅಂಜ್ತೀನಿ."

ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಇಷ್ಟು ದಿನ ಇದು ಗಂಡಸರ ಆಟ ಎಂದು ನಗುತ್ತಿದ್ದವಳಿಗೆ ಅಂದು ತಿಳಿಯಿತು, ಸೌಟಿನ ಮುಂದೆ ನಿಂತ ಹಾಗೆಯೇ ದಿನಾ ಬೆಳಿಗ್ಗೆ ಆ ಕಬ್ಬಿಣದ ಮುಂದೆಯೂ ನಾನೇ ನಿಲ್ಲುತ್ತೇನೆ ಎಂದು. ಸಿಟ್ಟು ಬಂತು.

"ಇಬ್ರೂ ಸೇರಿ ಅದೇ ಬಲಗೈ ಎಡಗೈ ಅಂತ ಎಷ್ಟು ದಿನಾ ಕುಣೀತೀರಿ? ಅದು ಹೋಗೂದಿಲ್ಲ ಅಂತ ಕಾಣ್ತೈತಲ್ಲ. ಹೋಗೂದಿಲ್ಲ ಅಂದ್ರ ಬಿಟ್ಟು ಬಿಡ್ರಿ. ಹಂಚು ಸುಟ್ರ ನಾ ಏನ್ ಮಾಡ್ತೀನಿ? ಯಾವ ಕೈ ಅಂತ ಕೇಳ್ಕೋತ ಕುಂದರ್ತೀನೇನು? ಎರಡೂ ಕೈ ತಗೀತೀನಿ." ತೋರಿಸಿಯೂ ಬಿಟ್ಟಳು, ಹಿಟ್ಟಿನ ಎರಡೂ ಅಂಗೈ ಭುಜದ ಮೇಲಕ್ಕೆ ಎತ್ತಿ.

ಮಾಮಾ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಕೈ ತೆಗೆದರೆ ಹೊಸ ಕ್ರೇನ್ ನಿಲ್ಲುತ್ತದೆ. ಹಳೆಯದು ನಿಲ್ಲುತ್ತಿರಲಿಲ್ಲ, ಆದ್ದರಿಂದ ಹಳೆಯದರಲ್ಲಿ ಕೈ ತೆಗೆಯುವುದು ಮಹಾ ತಪ್ಪು. ಅದಕ್ಕೇ ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಮತ್ತೆ ಖೋಕಾ ಹೊರಗೆ ಬಂತು. ಈ ಸಲ ಕಲಿಯಬೇಕಾದದ್ದು ಒಂದೇ. ತಾಟು ಬಿದ್ದರೆ ಎರಡೂ ಕೈ ಮೇಲೆ. ಮೊದಮೊದಲು ಬಲಗೈ ಎಳೆದು, ಆಮೇಲೆ ನೆನಪಾಗಿ ಮೇಲೇಳುತ್ತಿತ್ತು. ನಡುವಿನ ಹೊತ್ತು ಕಡಿಮೆಯಾಗುತ್ತಾ ಬಂತು, ಪೂರ್ತಿ ಹೋಗಲಿಲ್ಲ. ಉಡುಪಿಯ ಅಡುಗೆಯವನು ಬಾಗಿಲಲ್ಲಿ ನಿಂತು, "ಈಗ ಎಂಥದು ಇದು, ಪೊಲೀಸ್ರು ಹಿಡಿಲಿಕ್ಕೆ ಬಂದದ್ದಾ?" ಅಂದ. ನಾವು ನಕ್ಕೆವು. ಮಾಮಾ ಎರಡೂ ಕೈ ಮೇಲೆ ಹಿಡಿದುಕೊಂಡೇ ನಕ್ಕ. ನಾನು ಮಾತ್ರ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ, ಬಲಗೈ ಅಷ್ಟು ಎಳೆದರೆ ಕಬ್ಬಿಣ ಎಷ್ಟು ದೂರ ಬರುತ್ತದೆ. ಕಂಬದ ಹಿಂದಿನಿಂದ ಹೊರಗೆ ಬಂದೆ. ಬರಲೇಬೇಕಿತ್ತು. ಆದರೆ ಕಾಲು ಮೊದಲಿನಂತೆ ನೆಲಕ್ಕೆ ಅಂಟಲಿಲ್ಲ.

ಮಳೆಗಾಲ ಮುಗಿಯುತ್ತಾ ಬಂದಿತ್ತು. ಬೆಳಗಿನ ಪಾಳಿ. ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಎದೆಯೆತ್ತರದ ಅಟ್ಟಿ ನನ್ನ ಬೆನ್ನಿಗೆ. ಮುಂದೆ ಇಳಿಯುತ್ತಿದ್ದ ಕಟ್ಟು. ಅದರ ಮೂಲೆಗೆ ಕೈಕೊಟ್ಟು ತಿರುಗಿಸಲೆಂದು ನಾನು ಅಟ್ಟಿಗೂ ಕಟ್ಟಿಗೂ ನಡುವೆ ಹೋದೆ. ಹೋಗಬಾರದು, ಆದರೆ ಖಲಾಸಿಗಳೆಲ್ಲ ಹೋಗುತ್ತಾರೆ, ಇಲ್ಲದಿದ್ದರೆ ಕೆಲಸ ಸಾಗುವುದಿಲ್ಲ. ಅಟ್ಟಿಯ ಅಡಿಗೆ ಇಟ್ಟಿದ್ದ ಮರದ ತುಂಡು ಮಳೆನೀರಿಗೆ ಕೊಳೆತಿತ್ತೋ ಏನೋ, ಪಟಾರ್ ಎಂದು ಸೀಳಿತು. ಮೇಲಿನ ಹಾಳೆಗಳು ಒಂದಕ್ಕೊಂದು ಬಡಿದು ಶೆಡ್ಡೆಲ್ಲ ಗುಡುಗಿತು.

ಕಟ್ಟು ನನ್ನ ಕಡೆಗೆ ಬಂತು. ಬೆನ್ನಿಗೆ ಅಟ್ಟಿ, ಎದೆಗೆ ಕಟ್ಟು. ಬಂದು ತಾಗಿತು, ಉಸಿರು ಹೊರಗೆ ತಳ್ಳಿತು. ಇನ್ನು ಮುಗಿಯಿತು ಅಂದುಕೊಂಡೆ. ಒತ್ತಲಿಲ್ಲ. ಒಂದು ಗೇಣು ಹಿಂದೆ ತೂಗಿತು, ಮತ್ತೆ ಬಂದು ತಾಗಿತು, ಈ ಸಲ ಮೆಲ್ಲಗೆ. ಅಂಗಿಯ ಗುಂಡಿಯೊಂದು ಒಡೆದ ಸದ್ದು ಕೇಳಿಸಿತು. ಕಟ್ಟು ನನ್ನೆದೆಗೆ ಆನಿಕೊಂಡು ನಿಂತಿತು.

ಕತ್ತೆತ್ತಿದೆ. ಮೇಲೆ ಪಂಜರದ ಸರಳುಗಳ ನಡುವೆ ಎರಡು ಅಂಗೈ, ಭುಜದ ಮೇಲಕ್ಕೆ.

ಫೋರ್‌ಮನ್ ಓಡಿಬಂದ. ನಾನು ಸಿಕ್ಕಿಕೊಂಡದ್ದನ್ನು ಕಂಡು ಅವನಿಗೆ ದಿಕ್ಕು ತೋಚಲಿಲ್ಲ. "ಹಬೇಸ್! ಕಾಕಾ, ಹಬೇಸ್ ಕರೋ! ಜಲ್ದಿ!" ಎಂದು ಅರಚಿದ. ಸುತ್ತಲಿನವರೂ ಅದನ್ನೇ ಕೂಗಿದರು. ಹಬೇಸ್, ಹಬೇಸ್, ಹಬೇಸ್. ಮೇಲೆ ಎತ್ತು ಅನ್ನುತ್ತಿದ್ದಾರೆ. ಮಾಮಾನ ಹಳೆಯ ಕೈಗೆ ಮೇಲೆ ಎತ್ತುವುದು ಅಂದರೆ ಬಲಗೈ ಎಳೆಯುವುದು. ಎಳೆದರೆ ಈ ಕಬ್ಬಿಣ ಇನ್ನೊಂದು ಗೇಣು ಈ ಕಡೆ ಬರುತ್ತದೆ, ಬರಲು ಜಾಗವಿಲ್ಲ, ಜಾಗದಲ್ಲಿ ನಾನಿದ್ದೇನೆ. ಅವನು ಸರಿಯಾಗಿ ಎಡಗೈಯಿಂದ ಎತ್ತಿದರೂ ಹಾಳೆಯ ಅಂಚು ನನ್ನೆದೆಯನ್ನು ಕೆರೆದುಕೊಂಡೇ ಮೇಲೆ ಹೋಗುತ್ತದೆ. ಬೇಡ ಎಂದು ಕೂಗಲು ಬಾಯಿ ತೆರೆದೆ. ಉಸಿರಿರಲಿಲ್ಲ.

ಮಾಮಾ ಎತ್ತಲಿಲ್ಲ. ಎಲ್ಲರೂ ಕೂಗುತ್ತಿದ್ದಾರೆ, ಅವನು ಎರಡೂ ಕೈ ಮೇಲೆ ಹಿಡಿದು ನನ್ನನ್ನು ನೋಡುತ್ತಿದ್ದಾನೆ. ತುಟಿ ಅಲುಗುತ್ತಿತ್ತು. ಯಾರೋ, "ಬುಢ್ಢಾ ಪಾಗಲ್ ಹೋ ಗಯಾ," ಅಂದರು, ಮುದುಕನಿಗೆ ಹುಚ್ಚು ಹಿಡಿಯಿತು ಎಂದು. ಅವನ ಆ ಚೂರು ಹೊತ್ತು ನನಗೆ ಗೊತ್ತಿತ್ತು. ದಿನಾ ಕೂಗಿದ ಮೇಲೆ ಕೊಕ್ಕೆ ಅಲುಗುವ ಮೊದಲು ಇರುತ್ತಿದ್ದ ಆ ಚೂರು. ಈಗ ಅದು ಮುಗಿಯಲೇ ಇಲ್ಲ. ನನ್ನ ಬಲಗೈ ಸಿಕ್ಕಿಕೊಂಡಿತ್ತು, ಎಡಗೈಯ ಮಣಿಕಟ್ಟು ಮಾತ್ರ ಹೊರಗಿತ್ತು. ಬೆರಳು ಬಿಡಿಸಿ, ಆಚೆಗೆ ತಳ್ಳು ಎಂದು ಅಂಗೈ ಆಡಿಸಿದೆ. ಒಮ್ಮೆ, ಮತ್ತೊಮ್ಮೆ.

ಅವನು ನೋಡಿದ. ಕೆಳಗೆ ಮಾಡಿದ್ದು ಬಲಗೈಯನ್ನೇ. ನಾನು ಕಣ್ಣು ಮುಚ್ಚಿದೆ. ಎಳೆಯುತ್ತಾನೋ, ತಳ್ಳುತ್ತಾನೋ.

ಎದೆಯ ಮೇಲಿನ ತಣ್ಣನೆ ಹೋಯಿತು. ಕಣ್ಣು ಬಿಟ್ಟಾಗ ಕಟ್ಟು ಆಚೆ ಹೋಗುತ್ತಿತ್ತು, ನಿಧಾನವಾಗಿ, ನೀರಿನ ಬಕೆಟ್ಟು ಒಯ್ದಷ್ಟು ನಿಧಾನವಾಗಿ. ನಾನು ಅಲ್ಲಿಯೇ ಕೂತುಬಿಟ್ಟೆ.

ಮಾಮಾ ಏಣಿ ಇಳಿದು ಬಂದ. ಫೋರ್‌ಮನ್ ಅವನ ಬೆನ್ನು ತಟ್ಟಿ ಎಲ್ಲರಿಗೂ ಹೇಳುತ್ತಿದ್ದ, ನಾನೇ ತಪ್ಪು ಕೂಗಿದೆ, ಕಾಕಾ ಕೇಳಲಿಲ್ಲ, ಬೇರೆ ಯಾವನಾದರೂ ಹುಡುಗ ಇದ್ದಿದ್ದರೆ ಎತ್ತಿಬಿಡುತ್ತಿದ್ದ, ಅನುಭವ ಅಂದರೆ ಇದು ನೋಡಿ. ಮಾಮಾ ಅವನ ಕೈ ಸರಿಸಿ ಬಂದ. ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತ. ಅವನ ಮೈ ಬೆವರಿನಿಂದ ತೊಯ್ದಿತ್ತು.

"ಮೊದಲ ಬಲಗೈ ಎಳೀತು," ಅಂದ, ನನಗಷ್ಟೇ ಕೇಳುವ ಹಾಗೆ. "ಅದಕ್ಕ ಬಂತು ನಿನ್ನ ಮ್ಯಾಲ. ಆಮ್ಯಾಲ ತಗದ್ನಿ."

"ಗೊತ್ತು ಮಾಮಾ."

"ಕೂಗಿದ್ರಲ್ಲ ಅವರು. ಕೈ ತಾನ ಕೆಳಗ ಬರಾಕ ಹತ್ತಿತ್ತೋ. ಹಿಡಕೊಂಡು ಕುಂತಿದ್ನಿ. ಇದು ಹೊಸಾದು, ಇದು ಹೊಸಾದು ಅಂತ ಅನ್ಕೋತ." ಮುಖ ಒರೆಸಿಕೊಂಡು ಕೇಳಿದ, "ನಾಳಿ ಮ್ಯಾಲ ಹತ್ಲ್ಯಾ ಬ್ಯಾಡಾ? ನೀನ ಹೇಳು. ನಿಲ್ಲಾಂವ ನೀನು."

ಫೋರ್‌ಮನ್ ಇನ್ನೂ ಹೊಗಳುತ್ತಿದ್ದ. ನಾನು ಒಂದು ಮಾತು ಅಂದರೆ ಮಾಮಾ ಇನ್ನೂ ಎಷ್ಟೋ ವರ್ಷ ಆ ಪಂಜರದಲ್ಲಿ ಕೂರಬಹುದಿತ್ತು. ಅಂಗಿಯ ಗುಂಡಿ ಒಡೆದ ಜಾಗದಲ್ಲಿ ಎದೆ ಉರಿಯುತ್ತಿತ್ತು.

"ಬ್ಯಾಡ ಮಾಮಾ," ಅಂದೆ.

ಅವನು ತಲೆ ಆಡಿಸಿದ. ಎದ್ದು ಫೋರ್‌ಮನ್ ಹತ್ತಿರ ಹೋಗಿ, ಕಣ್ಣು ಮಂಜಾಗುತ್ತದೆ ಎಂದು ಹೇಳಿದ. ಕಣ್ಣು ಸರಿಯಾಗಿತ್ತು. ಅಂಗಳಕ್ಕೆ ಹೋಗು ಅಂದಾಗ ಒಪ್ಪಲಿಲ್ಲ. ಶೆಡ್ಡಿನಲ್ಲೇ ಇರುತ್ತೇನೆ, ಖಲಾಸಿಯಾಗಿ, ಕೆಳಗೆ.

ಇದಾಗಿ ಕೆಲವು ವರ್ಷ ಆಯಿತು. ಮೇಲೆ ಈಗ ಕೂರುವವನು ನಾನು. ಲಿವರ್ ನನ್ನ ಬೆರಳಿಗೆ ಕಲಿಸಬೇಕಾಗಿಯೇ ಬರಲಿಲ್ಲ, ಖೋಕಾದ ಸೌಟಿನಲ್ಲೇ ಕಲಿತು ಮುಗಿಸಿದ್ದೆ. ಕೈ ತಪ್ಪುವುದಿಲ್ಲ. ಆದರೆ ಹೆದರಿಕೆ ಕೆಳಗಿನಿಂದ ನನ್ನ ಜೊತೆಯೇ ಏಣಿ ಹತ್ತಿಕೊಂಡು ಬಂದಿದೆ. ಕೆಳಗೆ ಮಾಮಾ ಹಗ್ಗ ಸುತ್ತುತ್ತಾನೆ, ಕೊಕ್ಕೆ ಹಾಕುತ್ತಾನೆ, ಬಾಯಿ ತೆರೆದು ಹಬೇಸ್ ಅನ್ನುತ್ತಾನೆ, ಆಮೇಲೆ ಸರಿಯುತ್ತಾನೆ. ಮೊದಲು ಸರಿದು ಆಮೇಲೆ ಕೂಗಬೇಕು. ಈಚೆಗೆ ಅವನಿಗೆ ಅದು ಹಿಂದೆಮುಂದೆ ಆಗುತ್ತಿದೆ. ಒಂದೆರಡು ಸಲ ಕೂಗಿ ಅಲ್ಲಿಯೇ ನಿಂತಿದ್ದ, ಏನೋ ಮರೆತವನ ಹಾಗೆ.

ಕೆಳಗಿನವರು ಜಲ್ದಿ ಜಲ್ದಿ ಎಂದು ಕೂಗುತ್ತಾರೆ. ನಾನು ಅವನು ಹಬೇಸ್ ಅಂದ ಮೇಲೂ ಎತ್ತುವುದಿಲ್ಲ. ಎರಡೂ ಕೈ ಭುಜದ ಮೇಲೆ ಹಿಡಿದು ಕೂತಿರುತ್ತೇನೆ. ಅವನು ಕತ್ತೆತ್ತಿ ನನ್ನ ಅಂಗೈಗಳನ್ನು ನೋಡುತ್ತಾನೆ, ಒಂದು ಚೂರು ಹೊತ್ತು ಯೋಚಿಸುತ್ತಾನೆ, ಆಮೇಲೆ ನೆನಪಾಗಿ ಕಂಬದ ಕಡೆಗೆ ನಡೆಯುತ್ತಾನೆ. ಅವನು ಕಂಬ ಮುಟ್ಟುವವರೆಗೆ ನಾನು ಕೈ ಇಳಿಸುವುದಿಲ್ಲ.